ಕಂಠಿಗೆ ನಿಲ್ಲಲು ಕಲಿಸಿದವನು

ಈ ಹೊತ್ತು, ಈ ಗಳಿಗೆಯಲ್ಲಿ, ಜಗತ್ತಿನ ಹದಿನೇಳು ದೇಶಗಳಲ್ಲಿ ನಲವತ್ತು ಲಕ್ಷ ಜನ ನನ್ನ ರಕ್ತದೊತ್ತಡದ ಮೇಲೆ ನಿಂತಿದ್ದಾರೆ. ನಾನು ಗಟ್ಟಿಯಾಗಿ ಒಂದು ಸಲ ಸೀನಿದರೆ ಜಪಾನಿನಲ್ಲಿ ನೂರಾರು ಮಂದಿ ಗೋಡೆ ಹಿಡಿಯುತ್ತಾರೆ. ಅದಕ್ಕೇ ಸೀನು ಬಂದರೆ ನಾನು ಮೊದಲು ಕೂತುಕೊಂಡು, ಮೂಗು ಹಿಡಿದು, ಮೆಲ್ಲಗೆ ಸೀನುತ್ತೇನೆ. ಪರದೇಶದವರಿಗೆ ತೊಂದರೆ ಕೊಡುವುದು ನನ್ನ ಸ್ವಭಾವವಲ್ಲ.

ನಾನು ಗುರುಸಿದ್ದಪ್ಪ ಹಡಪದ. ಹಳೇ ಹುಬ್ಬಳ್ಳಿಯಲ್ಲಿ ನನ್ನ ಕ್ಷೌರದಂಗಡಿ. ಮೂವತ್ತೆಂಟು ವರ್ಷ ನಿಂತೇ ದುಡಿದವನು. ನಮ್ಮ ಕಸುಬಿನಲ್ಲಿ ಕುರ್ಚಿ ಇರುವುದು ಗಿರಾಕಿಗೆ, ನೆಲ ಇರುವುದು ನಮಗೆ. ನಾನು ನಿಂತ ಗಂಟೆಗಳನ್ನು ಒಂದರ ಮೇಲೊಂದು ಪೇರಿಸಿದರೆ ಚಂದ್ರನಿಗೆ ಮುಟ್ಟಿ, ಉಳಿದದ್ದರಲ್ಲಿ ಒಂದು ಮಾಳಿಗೆ ಕಟ್ಟಬಹುದು. ಇಷ್ಟು ವರ್ಷಗಳಲ್ಲಿ ಒಂದು ದಿನ ತಲೆ ಸುತ್ತಿದ್ದಿಲ್ಲ, ಒಂದು ದಿನ ಕಾಲು ನೋವೆಂದದ್ದಿಲ್ಲ. ಹಾಗಂತ ನಾನು ಧಾರವಾಡದ ಪ್ರಯೋಗಾಲಯದಲ್ಲಿ ಬರೆಸಿಯೂ ಇದ್ದೇನೆ.

ಇನ್ನೊಂದು ಮಾತು. ಕತ್ತಿನ ವಿದ್ಯೆ ವೈದ್ಯರಿಗಿಂತ ಮೊದಲು ನಮ್ಮವರಿಗೆ ಗೊತ್ತು. ದವಡೆಯ ಮೂಲೆಯ ಕೆಳಗೆ, ಗಂಟಲಿನ ಎರಡೂ ಪಕ್ಕ, ನಾಡಿ ಹೊಡೆದುಕೊಳ್ಳುವ ಒಂದೊಂದು ಜಾಗವಿದೆ. ನಾನು ಹೊಸದಾಗಿ ಅಂಗಡಿ ಇಟ್ಟಾಗ ಕಲ್ಮಠ ಮಾಸ್ತರರಿಗೆ ಗಡ್ಡ ಹೆರೆದು, ಮೊದಲ ಗಿರಾಕಿಯೆಂಬ ಅಭಿಮಾನಕ್ಕೆ ಕತ್ತಿಗೊಂದು ಮಾಲೀಶು ಕೊಟ್ಟೆ. ಹೆಬ್ಬೆರಳು ಆ ಜಾಗಕ್ಕೆ ಒತ್ತಿಬಿದ್ದಿತು. ಮಾಸ್ತರರು ತಮ್ಮ ಭಾವಮೈದುನನನ್ನು ಬೈಯುತ್ತಿದ್ದವರು ಮಾತಿನ ನಡುವೆಯೇ ನಿಂತುಹೋದರು. ತಲೆ ವಾಲಿತು. ನಾಲ್ಕು ಉಸಿರು ಕಳೆದ ಮೇಲೆ ಅವರು ಕಣ್ಣು ತೆರೆದು, ಭಾವಮೈದುನನನ್ನು ಬಿಟ್ಟ ಜಾಗದಿಂದಲೇ ಮತ್ತೆ ಹಿಡಿದರು. ತಾವು ಹೋಗಿ ಬಂದದ್ದು ಅವರಿಗೆ ಕೊನೆಯ ತನಕ ಗೊತ್ತಾಗಲಿಲ್ಲ. ಆ ವಿದ್ಯೆಯಿಂದ ನಾನು ಒಂದು ಮದುವೆಯ ದಿಬ್ಬಣವನ್ನೇ ಮಲಗಿಸಿದ್ದೇನೆಂದು ಹೇಳಿಕೊಳ್ಳುವುದುಂಟು. ನಿಜವೆಂದರೆ ಅಂದಿನಿಂದ ನಾನು ಯಾರ ಕತ್ತನ್ನೂ ಆ ಜಾಗದಲ್ಲಿ ಮುಟ್ಟಿಲ್ಲ.

ಈ ಕಥೆಯನ್ನು ಡಾ. ರೆಹಾನಾ ನದಾಫ್ ಅವರಿಗೆ ಹೇಳಿದಾಗ ಅವರು ನಗಲಿಲ್ಲ. ಸವಣೂರಿನವರು, ಮಾತು ಕಡಿಮೆ, ಕನ್ನಡಕ ಯಾವಾಗಲೂ ಹಣೆಯ ಮೇಲೆ. ಧಾರವಾಡದ ಹೊರಗಿನ ಗುಡ್ಡದ ಮೇಲೆ ರಕ್ತಚಲನೆಯ ಪ್ರಯೋಗಾಲಯ ನಡೆಸುತ್ತಿದ್ದರು. ಕತ್ತಿನ ಆ ಜಾಗದಲ್ಲಿ ರಕ್ತನಾಳದ ಗೋಡೆಯೊಳಗೆ ನರದ ತುದಿಗಳಿವೆಯಂತೆ. ಒತ್ತಡ ಹೆಚ್ಚಿದರೆ ಗೋಡೆ ಹಿಗ್ಗುತ್ತದೆ, ತುದಿಗಳು ಮಿದುಳಿನ ಬುಡಕ್ಕೆ ಸುದ್ದಿ ಮುಟ್ಟಿಸುತ್ತವೆ, ಅಲ್ಲಿಂದ ಹೃದಯಕ್ಕೆ ನಿಧಾನಿಸು ಎಂಬ ಅಪ್ಪಣೆ ಹೊರಡುತ್ತದೆ. ಒತ್ತಡ ಇಳಿದರೆ ಇದರ ಉಲ್ಟಾ.

“ನೀವು ಬೆರಳಿನಿಂದ ಒತ್ತಿ ಗೋಡೆ ಹಿಗ್ಗಿಸಿದ್ರಿ” ಎಂದರು ಅವರು. “ಮಾಸ್ತರರ ಮಿದುಳಿಗೆ ಸುಳ್ಳು ಸುದ್ದಿ ಕಳಿಸಿದ್ರಿ. ಅದು ಪಾಪ, ನಂಬಿತು.”

ಆ ಮಾತು ನನಗೆ ಆಗ ತಮಾಷೆಯಾಗಿ ಕೇಳಿಸಿತು.

ನಾವು ಅಲ್ಲಿಗೆ ಹೋದದ್ದು ನನ್ನ ಹೆಂಡತಿ ನೀಲವ್ವನ ಸಲುವಾಗಿ. ಅವಳು ಒಂದು ಕಾಲದಲ್ಲಿ ಪಕ್ಕದ ಓಣಿಯ ಖಾನಾವಳಿಗೆ ದಿನಕ್ಕೆ ಒಂಬೈನೂರು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಅವಳನ್ನು ಕೇಳಿದರೆ ನೂರೈವತ್ತು ಎನ್ನುತ್ತಾಳೆ. ಅವಳಿಗೆ ಹೇಳಿಕೊಳ್ಳುವುದು ಬರುವುದಿಲ್ಲ. ಹೆಗಲಿನ ಭಾರ ಅಂಗೈಗೆ ಇಳಿಯಬೇಕಾದರೆ ನಿಂತೇ ಬಡಿಯಬೇಕು ಎನ್ನುವುದು ಅವಳ ಹಟ. ಒಲೆಯ ಕಟ್ಟೆಯನ್ನು ತನ್ನ ಎತ್ತರಕ್ಕೆ ಕಟ್ಟಿಸಿಕೊಂಡಿದ್ದಳು.

ಸಕ್ಕರೆ ಕಾಯಿಲೆ ಅವಳ ನರಗಳನ್ನು ಮೆಲ್ಲಗೆ ತಿಂದಿತು. ನಾವು ಎದ್ದು ನಿಂತಾಗ ಅರ್ಧ ಲೀಟರಿಗಿಂತ ಹೆಚ್ಚು ರಕ್ತ ಹೊಟ್ಟೆಗೂ ಕಾಲಿಗೂ ಜಾರುತ್ತದೆ. ಕತ್ತಿನ ಕಾವಲುಗಾರರು ಕೂಗುತ್ತಾರೆ, ಹೃದಯ ಬೇಗ ಹೊಡೆಯುತ್ತದೆ, ಕೆಳಗಿನ ರಕ್ತನಾಳಗಳು ಬಿಗಿಯುತ್ತವೆ. ಒಂದೆರಡು ಉಸಿರಿನಲ್ಲಿ ಎಲ್ಲ ಸರಿಹೋಗುತ್ತದೆ. ನಮಗೆ ಗೊತ್ತೂ ಆಗುವುದಿಲ್ಲ. ನೀಲವ್ವನ ಕತ್ತು ಕೂಗುತ್ತಿತ್ತು, ಮಿದುಳು ಕೇಳಿಸಿಕೊಳ್ಳುತ್ತಿತ್ತು. ಅಪ್ಪಣೆ ಕೆಳಗೆ ಮುಟ್ಟುತ್ತಿರಲಿಲ್ಲ, ಅಷ್ಟೇ. ಎದ್ದು ನಿಂತರೆ ಮೇಲಿನ ಒತ್ತಡ ನೂರಾ ಮೂವತ್ತರಿಂದ ಎಪ್ಪತ್ತೈದಕ್ಕೆ ಬೀಳುತ್ತಿತ್ತು, ಅದರ ಹಿಂದೆ ಅವಳೂ. ಮೂರು ವರ್ಷ ಅವಳು ಗಾಲಿ ಹಚ್ಚಿದ ಒಂದು ಗಿಡ್ಡ ಸ್ಟೂಲಿನ ಮೇಲೆ ಕೂತು ಮನೆಯೊಳಗೆ ಓಡಾಡಿದಳು. ಒಲೆಯ ಕಟ್ಟೆ ಅವಳ ಹಣೆಯ ಎತ್ತರಕ್ಕಿತ್ತು. ಅದನ್ನು ಒಡೆಸಿ ಗಿಡ್ಡ ಮಾಡಿಸುತ್ತೇನೆ ಎಂದು ನಾನು ನಾಲ್ಕು ಸಲ ಹೇಳಿದೆ, ನಾಲ್ಕು ಸಲವೂ ಬೇಡವೆಂದಳು.

ಅಷ್ಟರಲ್ಲಿ ಕಂಠಿ ಬಂದಿತು.

ಕಂಠಿಯೆಂದರೆ ಕತ್ತಿಗೆ ಅಂಟಿಸುವ ಒಂದು ತೆಳು ಪಟ್ಟಿ, ಜೊತೆಗೆ ಬೆನ್ನುಹುರಿಯ ಪಕ್ಕ ಚರ್ಮದಡಿ ಕೂರಿಸುವ ಅವರೆಕಾಳಿನಷ್ಟು ಒಂದು ಯಂತ್ರ. ಪಟ್ಟಿ ಕತ್ತಿನ ಒತ್ತಡ ನೋಡುತ್ತದೆ. ಕಾಳು, ಸತ್ತ ನರದ ಬದಲಿಗೆ ತಾನೇ ಸಣ್ಣ ವಿದ್ಯುತ್ತಿನಿಂದ ಕೆಳಗಿನ ರಕ್ತನಾಳಗಳನ್ನು ಬಿಗಿಸುತ್ತದೆ. ಯಂತ್ರ ಕಷ್ಟದ್ದಲ್ಲ. ಎಷ್ಟು ಬಿಗಿಸಬೇಕು, ಯಾವಾಗ ಬಿಗಿಸಬೇಕು, ಯಾವಾಗ ಬಿಡಬೇಕು ಎಂಬ ಪಾಠ ಕಷ್ಟದ್ದು. ಮೊದಮೊದಲು ಸಾವಿರ ಜನರ ಸರಾಸರಿ ತೆಗೆದು ತುಂಬಿದರಂತೆ. ಒಬ್ಬರಿಗೆ ತಲೆ ಸಿಡಿಯುವಷ್ಟಾಯಿತು, ಇನ್ನೊಬ್ಬರಿಗೆ ಏನೂ ಸಾಲಲಿಲ್ಲ. ಆಮೇಲೆ ನದಾಫ್ ಡಾಕ್ಟರು ಜೋಡಿ ಪದ್ಧತಿ ತಂದರು: ರೋಗಿಯ ಮನೆಯಲ್ಲೇ ಇರುವ, ಅದೇ ಉಪ್ಪು ತಿನ್ನುವ, ಅದೇ ಸೆಕೆಯಲ್ಲಿ ಬೇಯುವ, ಹೆಚ್ಚುಕಡಿಮೆ ಅದೇ ವಯಸ್ಸಿನ ಆರೋಗ್ಯವಂತರೊಬ್ಬರು ಕಂಠಿಗೆ ಪಾಠ ಹೇಳಬೇಕು. ಆ ಮೈ ಹೇಗೆ ನಿಲ್ಲುತ್ತದೋ ಹಾಗೆ ಈ ಮೈಯನ್ನು ಕಂಠಿ ನಿಲ್ಲಿಸುತ್ತದೆ.

ಇದು ಊರಿಗೆ ಊರನ್ನೇ ಬದಲಿಸಿತು. ಉಣಕಲ್ಲಿನಲ್ಲಿ ಒಬ್ಬ ಅತ್ತೆಗೆ ಸೊಸೆ ಜೋಡಿಯಾದಳು. ಪಾಠ ಮುಗಿಯುವ ತನಕ ಸೊಸೆಗೆ ಮೊದಲ ಊಟ ಬಡಿಸಿದರಂತೆ. ಗರಡಿಯಲ್ಲಿ ಬೆಳೆದ ತಮ್ಮನನ್ನು ಜೋಡಿ ಮಾಡಿಕೊಂಡ ಒಬ್ಬ ಅಕ್ಕ ಮೂರನೆಯ ದಿನ ಬಾವಿಯ ಹಗ್ಗವನ್ನು ಗಡಗಡಿ ಸಮೇತ ಕಿತ್ತಳೆಂದು ಕೇಳಿದ್ದೇನೆ, ಅಂದರೆ ನಾನೇ ಹೇಳಿದ್ದೇನೆ. ಹೆಣ್ಣು ನೋಡಲು ಹೋದಲ್ಲಿ ಜಾತಕದ ಜೊತೆ ಹುಡುಗ ನಿಂತಾಗಿನ ಒತ್ತಡದ ನಕಾಶೆಯನ್ನೂ ಕೇಳತೊಡಗಿದರು. ಮನೆಯಲ್ಲಿ ಜೋಡಿ ಸಿಗದವರು, ಪ್ರಯೋಗಾಲಯದವರೇ ಒಬ್ಬರನ್ನು ಹುಡುಕಿಕೊಡುವ ತನಕ, ಸರದಿಯಲ್ಲಿ ಎಂಟು ತಿಂಗಳು ಕಾಯಬೇಕಿತ್ತು.

ನಮಗೆ ಮಕ್ಕಳಿಲ್ಲ. ಮನೆಯಲ್ಲಿ ಇರುವವನು ನಾನೊಬ್ಬ. ನಿಲ್ಲುವುದೇ ನನ್ನ ಕಸುಬು. ಇನ್ನೇನು ಬೇಕು?

ಚಾಲಕನಿಲ್ಲದ ಬಸ್ಸಿನಲ್ಲಿ ಮೂರು ಬೆಳಿಗ್ಗೆ ಧಾರವಾಡಕ್ಕೆ ಹೋದೆ. ಫಕೀರೇಶ ಎಂಬ ತಂತ್ರಜ್ಞ, ಮೂವತ್ತರ ಪ್ರಾಯದವನು, ನನ್ನನ್ನು ಒಂದು ಮಂಚದ ಮೇಲೆ ಮಲಗಿಸಿ, ಎದೆಗೂ ಬೆರಳಿಗೂ ತಂತಿ ಹಚ್ಚಿ, ಪಟ್ಟಿಯಿಂದ ಬಿಗಿದ. ಇಪ್ಪತ್ತು ನಿಮಿಷ ಕಳೆದ ಮೇಲೆ ಮಂಚವೇ ನನ್ನನ್ನು ಎತ್ತಿ ನಿಲ್ಲಿಸಿತು. ಕಾಲು ಕದಲಿಸಬಾರದು, ಮೀನಖಂಡ ಬಿಗಿಯಬಾರದು, ಅರ್ಧ ಗಂಟೆ ಸುಮ್ಮನೆ ನಿಂತಿರಬೇಕು. ಸಾಮಾನ್ಯರ ನಾಡಿ ಇಂಥಲ್ಲಿ ಹದಿನೈದು ಇಪ್ಪತ್ತು ಏರುತ್ತದೆ. ನನ್ನದು ಎಪ್ಪತ್ತರಿಂದ ಎಪ್ಪತ್ತಾರಕ್ಕೆ ಹೋಗಿ ಅಲ್ಲೇ ಕಾಲು ಚಾಚಿತು. ಒತ್ತಡದ ಗೆರೆ ನೆಲಕ್ಕೆ ಬಳಿದ ಸಾರಣೆಯ ಹಾಗೆ ನೆಟ್ಟಗೆ. ಆಮೇಲೆ ಕೈಯಲ್ಲಿ ಸ್ಪ್ರಿಂಗ್ ಹಿಡಿ ಕೊಟ್ಟು ಹಿಸುಕಿಸಿದರು. ದುಡಿಯುವ ಸ್ನಾಯು ತನ್ನ ರಕ್ತನಾಳಗಳನ್ನು ಬಾಯಿ ತೆರೆದಿಡುತ್ತದೆ, ಆಗ ಉಳಿದ ಕಡೆ ಇನ್ನಷ್ಟು ಬಿಗಿಯದಿದ್ದರೆ ಒತ್ತಡ ನಿಲ್ಲುವುದಿಲ್ಲವಂತೆ. ನನ್ನದು ನಿಂತಿತು.

ಫಕೀರೇಶ ಮೂರು ಸಲ ತಂತಿ ಕಿತ್ತು ಮೂರು ಸಲ ಹಚ್ಚಿದ. ಇಂಥ ಮೈ ತಾನು ನೋಡಿಯೇ ಇಲ್ಲವೆಂದ. ನಾನು ಅವನಿಗೆ, ನನ್ನ ರಕ್ತಕ್ಕೆ ಶಿಸ್ತು ಇದೆ, ಗಿರಾಕಿ ಏಳುವ ತನಕ ಅದೂ ಕೂರುವುದಿಲ್ಲ ಎಂದೆ.

ಡಾಕ್ಟರು ಮೂರೂ ದಿನ ಒಂದೇ ಪ್ರಶ್ನೆ ಕೇಳಿದರು: ಔಷಧ ಏನಾದರೂ ಇದೆಯೇ, ಮೈಮೇಲೆ ಬಿಗಿಯಾದದ್ದು ಏನಾದರೂ ತೊಟ್ಟಿದ್ದೀರಾ? ಮೂರೂ ದಿನ ಇಲ್ಲವೆಂದೆ. ಮೂರನೆಯ ದಿನ ಪಾಯಿಜಾಮ ಮೊಣಕಾಲ ತನಕ ಏರಿಸಿ ಎಂದರು. ನಾನು ಒಂದು ಹರಕೆ ಹೊತ್ತಿದ್ದೇನೆ, ಮೊಣಕಾಲಿನ ಕೆಳಗೆ ನಮ್ಮ ಗುರುಗಳ ಹೊರತು ಇನ್ನೊಬ್ಬರು ನೋಡುವಂತಿಲ್ಲ ಎಂದೆ. ಫಕೀರೇಶ ಕೈ ಮುಗಿದುಬಿಟ್ಟ. ಡಾಕ್ಟರು ಒಂದು ಗಳಿಗೆ ನನ್ನ ಮುಖವನ್ನೇ ನೋಡಿ, ಕನ್ನಡಕ ಕೆಳಗಿಳಿಸಿ, ಏನೋ ಬರೆದುಕೊಂಡು ಹೋದರು.

ಹತ್ತು ದಿನದ ಮೇಲೆ ನೀಲವ್ವನಿಗೆ ಕಂಠಿ ಹಾಕಿದರು. ಪ್ರಯೋಗಾಲಯದ ತಂಪು ಕೋಣೆಯಲ್ಲಿ ಅವಳು ಎದ್ದು ನಿಂತಳು, ಬೀಳಲಿಲ್ಲ. ಒತ್ತಡ ಸ್ವಲ್ಪ ಇಳಿದು, ಅಲ್ಲಿಗೇ ನಿಂತಿತು. ಅವಳು ಕಿಟಕಿಯ ತನಕ ನಡೆದು, ಹೊರಗೆ ನೋಡಿ, ತಿರುಗಿ ಬಂದಳು. ನಾನು ಮಾತಾಡಲಿಲ್ಲ. ಅದು ನನ್ನ ಬಾಳಿನಲ್ಲಿ ಅಪರೂಪ.

ಆ ವಾರ ನನ್ನ ಅಂಗಡಿಗೆ ಗಡ್ಡವಿಲ್ಲದವರೂ ಬಂದರು. ಹೆಂಡತಿಯನ್ನು ತನ್ನ ನಾಡಿಯ ಮೇಲೆ ನಿಲ್ಲಿಸಿದವನನ್ನು ನೋಡಲು. ನಾನು ಯಾರನ್ನೂ ನಿರಾಸೆ ಮಾಡಿ ಕಳಿಸಲಿಲ್ಲ.

ಐದನೆಯ ದಿನ ಬೆಳಿಗ್ಗೆ ನೀಲವ್ವ ಸ್ಟೂಲನ್ನು ಮೂಲೆಗೆ ತಳ್ಳಿ, ಒಲೆ ಹಚ್ಚಿ, ಹಿಟ್ಟು ನಾದಿ, ಕಟ್ಟೆಯ ಮುಂದೆ ನಿಂತಳು. ನಾನು ಅಂಗಡಿಗೆ ಹೊರಡದೆ ಬಾಗಿಲಲ್ಲಿ ನಿಂತು ಎಣಿಸಿದೆ. ಬಡಿತದ ಸದ್ದು ಮೂರು ವರ್ಷದ ಹಿಂದಿನದೇ. ಹತ್ತು ರೊಟ್ಟಿ ಆಯಿತು. ಇಪ್ಪತ್ತಾಯಿತು. ಕುತ್ತಿಗೆಯ ಮೇಲೆ ಬೆವರಿನ ಮಣಿ ಬಂದವು. ಮೂವತ್ತಕ್ಕೆ ಬಡಿತ ತಪ್ಪಿತು. ಮೂವತ್ತೊಂದನೆಯದನ್ನು ಹಂಚಿಗೆ ಹಾಕಲು ಚಾಚಿದ ಕೈ ಹಾಗೇ ಇಳಿಯಿತು. ನಾನು ಹಾರಿ ಹಿಡಿಯುವಷ್ಟರಲ್ಲಿ ಎಡ ಮಣಿಕಟ್ಟು ಹಂಚಿನ ಅಂಚಿಗೆ ತಾಗಿತ್ತು. ಅಂಗೈ ಅಗಲದ ಬೊಬ್ಬೆ ಎದ್ದಿತು. ಮಲಗಿಸಿದ ಕೂಡಲೇ ಎಚ್ಚರವಾಯಿತು. ಮೊದಲು ಕೇಳಿದ್ದು ರೊಟ್ಟಿ ಸೀದು ಹೋಯಿತೇ ಎಂದು.

ಮರುದಿನ ಪ್ರಯೋಗಾಲಯದಲ್ಲಿ ಡಾಕ್ಟರು ಕಂಠಿಯೊಳಗಿನ ದಾಖಲೆಯನ್ನು ಪರದೆಯ ಮೇಲೆ ಬಿಡಿಸಿಟ್ಟರು. ಸೆಕೆಗೆ ಚರ್ಮದ ರಕ್ತನಾಳಗಳು ತೆರೆದುಕೊಂಡಿವೆ, ರೊಟ್ಟಿ ಬಡಿತಕ್ಕೆ ತೋಳಿನವು ತೆರೆದುಕೊಂಡಿವೆ, ನಿಂತದ್ದಕ್ಕೆ ರಕ್ತ ಕೆಳಗೆ ಜಾರಿದೆ. ಮೂರೂ ಸೇರಿ ಒತ್ತಡವನ್ನು ಇಳಿಸುತ್ತಿದ್ದಾಗ ಕಂಠಿ ಗಾಬರಿಯೇ ಆಗಿಲ್ಲ. ಒಂಚೂರು ಬಿಗಿಸಿದೆ, ಕಾದಿದೆ, ಮತ್ತೆ ಒಂಚೂರು ಬಿಗಿಸಿದೆ. ಅದಕ್ಕೆ ಕೊಟ್ಟ ಪಾಠದಲ್ಲಿ ಹಾಗೇ ಇತ್ತು: ಹೆದರಬೇಡ, ಸ್ವಲ್ಪ ಬಿಗಿಸಿದರೆ ಸಾಕು, ಮೈ ತಾನೇ ನಿಲ್ಲುತ್ತದೆ.

ಡಾಕ್ಟರು ಬಹಳ ಹೊತ್ತು ನೋಡಿದರು. ಕಂಠಿ ಪಾಠವನ್ನು ಅಕ್ಷರ ತಪ್ಪದೆ ಒಪ್ಪಿಸಿದೆ ಎಂದರು. ಪಾಠವೂ ಚೊಕ್ಕ, ಮೂರು ದಿನ ಅಳೆದದ್ದು. ಹಾಗಾದರೆ ಉಳಿದದ್ದು ಒಂದೇ, ನೀಲವ್ವನವರ ರಕ್ತನಾಳಗಳೇ ಅಪ್ಪಣೆಗೆ ಬಗ್ಗುತ್ತಿಲ್ಲ. ಅಂಥ ಮೈಗೆ ಕಂಠಿ ಅಪಾಯ. ಸೋಮವಾರ ತೆಗೆದುಬಿಡೋಣ, ಸರದಿಯಲ್ಲಿರುವ ಮುಂದಿನವರಿಗೆ ಹಾಕೋಣ ಎಂದರು. ಶನಿವಾರ ತಾವೇ ಬಂದು ಅಡುಗೆಮನೆಯ ಸೆಕೆ ಅಳೆದು ಹೋಗುವುದಾಗಿ, ಅದು ಕಡತಕ್ಕೆ ಬೇಕಾಗಿರುವುದಾಗಿ ಹೇಳಿದರು.

ತಿರುಗಿ ಬರುವ ಬಸ್ಸಿನಲ್ಲಿ ನೀಲವ್ವ ಪಟ್ಟಿ ಕಟ್ಟಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನವನಗರ ದಾಟಿದ ಮೇಲೆ ಮಾತಾಡಿದಳು.

“ನಿಮ್ಮ ಪಾಠ ಛಲೋ ಇತ್ತಂತ. ಕಲ್ಕೊಳ್ಳಾಕ ಬರಲಾರದಾಕಿ ನಾನ.”

ನಾನು ಅವಳಿಗೆ ಒಂದು ಮಾತು ಹೇಳಬೇಕಿತ್ತು. ಬಸ್ಸು ನಮ್ಮ ನಿಲ್ದಾಣದಲ್ಲಿ ನಿಂತಿತು, ನಾವು ಇಳಿದೆವು. ನಾನು ಸ್ಟೂಲನ್ನು ಮೂಲೆಯಿಂದ ತಂದು ಅವಳ ಮುಂದೆ ಇಟ್ಟೆ.

ಶನಿವಾರ ಹನ್ನೊಂದಕ್ಕೆ ಡಾಕ್ಟರು ಬಂದರು. ಒಲೆ ಹಚ್ಚಿಸಿ, ಕಟ್ಟೆಯ ಮೇಲೆ ಒಂದು ಮಾಪಕ ಇಟ್ಟು, ನಲವತ್ತೊಂದು ಡಿಗ್ರಿ ಎಂದು ಬರೆದುಕೊಂಡರು. ನೀಲವ್ವ ಕೂತಲ್ಲಿಂದಲೇ ಅವಲಕ್ಕಿ ಕೊಟ್ಟಳು. ತಿಂದ ಮೇಲೆ ಕೈ ತೊಳೆಯಲು ಡಾಕ್ಟರು ಹಿತ್ತಲಿಗೆ ಹೋದರು. ನಾನು ಓಡಿಹೋಗಿ ಇಲ್ಲಿಗೇ ನೀರು ತರುತ್ತೇನೆ ಎನ್ನುವಷ್ಟರಲ್ಲಿ ಅವರು ಹಗ್ಗದ ಮುಂದೆ ನಿಂತಿದ್ದರು. ಒಗೆದು ಹಾಕಿದ ಎರಡು ಕ್ರೇಪ್ ಬ್ಯಾಂಡೇಜು, ಬಣ್ಣ ಮಾಸಿದವು, ಒಂದೊಂದು ಮೂರು ಮಾರು ಉದ್ದ. ಪಕ್ಕದಲ್ಲಿ ಗೇಣಗಲದ ಒಂದು ಎಲಾಸ್ಟಿಕ್ ಸೊಂಟಪಟ್ಟಿ. ಬದಲಿಗೆ ಇಟ್ಟುಕೊಂಡ ಎರಡನೆಯ ಜೊತೆ ಆಗ ನನ್ನ ಮೈಮೇಲಿತ್ತು.

“ಇವು ಯಾರವು?”

“ಹೀರೆಬಳ್ಳಿ ಕಟ್ಟಾಕ ತಂದಿಟ್ಟೇನ್ರಿ” ಎಂದೆ.

ನೀಲವ್ವ ಸ್ಟೂಲು ಉರುಳಿಸಿಕೊಂಡು ಹಿತ್ತಲ ಬಾಗಿಲಿಗೆ ಬಂದಿದ್ದಳು. “ಯಾವ ಹೀರೆಬಳ್ಳಿರಿ? ಹಿತ್ತಲದಾಗ ಒಂದು ಕಡ್ಡಿ ಹುಲ್ಲಿಲ್ಲ. ಅವರ ಕಾಲಿನ ಪಟ್ಟಿ ಅವು, ಡಾಕ್ಟರ್ರ. ನಿಂತೂ ನಿಂತೂ ಕಾಲಾಗಿನ ನರ ಹಗ್ಗದಂಗ ಉಬ್ಬ್ಯಾವು. ಇಪ್ಪತ್ತು ವರ್ಷ ಆತು, ಹಿಮ್ಮಡದಿಂದ ತೊಡಿತನಾ ಸುತ್ತಿಗೊಂತಾರ. ನಡಕ್ಕ ಆ ಪಟ್ಟಿ. ದಿನಾ ಒಗಿಯಾಕಿ ನಾನ.”

“ದಿನಾ ಕಟ್ತಾರೇನು?”

“ಅವಿಲ್ಲದ ಹೊಸ್ತಿಲಾ ದಾಟಂಗಿಲ್ಲ.”

“ಧಾರವಾಡಕ್ಕ ಬಂದಾಗೂ ಕಟ್ಟಿದ್ರೇನು, ನೀಲವ್ವಾರ?”

ನೀಲವ್ವ ಹೌದೆನ್ನಲು ಬಾಯಿ ತೆರೆದವಳು ನನ್ನ ಕಡೆ ನೋಡಿದಳು. ಆಮೇಲೆ ತನ್ನ ಮಣಿಕಟ್ಟಿನ ಕಡೆ ನೋಡಿಕೊಂಡಳು.

ಡಾಕ್ಟರು ಹಗ್ಗದಿಂದ ಸೊಂಟಪಟ್ಟಿಯನ್ನು ತೆಗೆದು ಕೈಯಲ್ಲಿ ಎಳೆದು ನೋಡಿದರು. ಅವರ ದನಿ ಏರಲಿಲ್ಲ. ಕೆಳಗೆ ಜಾರಬೇಕಿದ್ದ ರಕ್ತವನ್ನು ಈ ಬಟ್ಟೆಗಳು ತಡೆದಿವೆ, ಅದರಲ್ಲೂ ಈ ಸೊಂಟದ್ದು, ಎಂದರು. ಮೈಗೆ ದುಡಿಯುವ ಪ್ರಸಂಗವೇ ಬಂದಿಲ್ಲ. ಕಂಠಿ ನಿಮ್ಮಿಂದ ನಿಲ್ಲುವುದನ್ನು ಕಲಿಯಲಿಲ್ಲ, ಆರಾಮ ಇರುವುದನ್ನು ಕಲಿಯಿತು. ಅಷ್ಟು ಹೇಳಿ, ತಪ್ಪು ತಮ್ಮದೂ ಹೌದೆಂದರು. ಹರಕೆಯ ಮಾತು ಕೇಳಿದಾಗ ಅನುಮಾನ ಬಂದಿತ್ತು, ಆದರೂ ಕಣ್ಣಿನಿಂದ ನೋಡದೆ ಬರೆದುಕೊಂಡರು.

“ಮಾಸ್ತರರ ಕತ್ತಿನ ಮೇಲೆ ಒಂದು ಸಲ” ಎಂದರು. “ಇವರ ಕತ್ತಿನ ಮೇಲೆ ಎರಡನೇ ಸಲ. ಎರಡು ಸಲ ಸುಳ್ಳು ಸುದ್ದಿ ಕಳಿಸಿದ್ರಿ, ಗುರುಸಿದ್ದಪ್ಪನವರ.”

ನಾನು ಆಗ ಕೊಟ್ಟ ಕಾರಣ ಇದು: ಕಾಲು ಕೆಟ್ಟಿದೆ ಎಂದು ಗೊತ್ತಾದರೆ ನೀವು ನನ್ನನ್ನು ಜೋಡಿಯೆಂದು ಒಪ್ಪುತ್ತಿರಲಿಲ್ಲ, ನೀಲಾ ಎಂಟು ತಿಂಗಳು ಕಾಯಬೇಕಾಗುತ್ತಿತ್ತು, ಅವಳ ಸಲುವಾಗಿ ಮುಚ್ಚಿಟ್ಟೆ. ಹೇಳುವಾಗ ನನ್ನ ಕಣ್ಣಲ್ಲಿ ನೀರೂ ಬಂದಿತು. ಡಾಕ್ಟರು ಅದನ್ನು ಬರೆದುಕೊಳ್ಳಲಿಲ್ಲ. ಸೋಮವಾರ ಬರಿಗಾಲಲ್ಲಿ, ಚಡ್ಡಿಯಲ್ಲಿ, ಎಂಟಕ್ಕೆ ಬನ್ನಿ ಎಂದರು. ಕಂಠಿ ತೆಗೆಯುವುದೋ ಇಡುವುದೋ ಆಮೇಲೆ ನೋಡೋಣ ಎಂದರು.

ಸೋಮವಾರ ನೀಲವ್ವನೂ ಬಂದು ಗಾಜಿನ ಆಚೆ ಕೂತಳು. ಫಕೀರೇಶ ನನ್ನ ಕಾಲು ನೋಡಿದ. ನೀಲಿ ಹಗ್ಗಗಳು ಒಂದರ ಮೇಲೊಂದು ಹತ್ತಿದ ಕಾಲು. ಅವನು ಈ ಸಲ ಕೈ ಮುಗಿಯಲಿಲ್ಲ. “ಕಾಕಾ, ಈ ಕಾಲಿನ ಮ್ಯಾಲೆ ನಿಂತು ನೀವು ಮಂದಿಗೆ ಮಾಲೀಶ್ ಮಾಡಿದ್ರಾ?” ಎಂದಷ್ಟೇ ಕೇಳಿದ.

ಮಂಚ ಎದ್ದಿತು. ಕೋಣೆಯ ಸೆಕೆಯನ್ನು ನಮ್ಮ ಅಡುಗೆಮನೆಯಷ್ಟೇ ಇಟ್ಟಿದ್ದರು. ಒಂದು ನಿಮಿಷದೊಳಗೆ ನನ್ನ ನಾಡಿ ತೊಂಬತ್ತೆಂಟು, ಐದನೆಯ ನಿಮಿಷಕ್ಕೆ ನೂರಾ ಹನ್ನೆರಡು. ಒತ್ತಡದ ಗೆರೆ ಬೀಳುತ್ತಿತ್ತು, ಏಳುತ್ತಿತ್ತು, ಮತ್ತೆ ಬೀಳುತ್ತಿತ್ತು. ಕೈಕಾಲು ತಣ್ಣಗಾದವು, ಅಂದರೆ ಅಲ್ಲಿನ ರಕ್ತನಾಳಗಳು ಬಿಗಿದು ತಲೆಗೆ ದಾರಿ ಮಾಡಿಕೊಡುತ್ತಿದ್ದವು. ಹನ್ನೆರಡನೆಯ ನಿಮಿಷಕ್ಕೆ ಆಕಳಿಕೆ. ಹದಿನಾಲ್ಕಕ್ಕೆ ಬೆವರು. ನಾನು ಫಕೀರೇಶನಿಗೆ, ಇದೇನೂ ಅಲ್ಲ, ಒಂದು ಸಲ ದೀಪಾವಳಿಯ ಮುನ್ನಾದಿನ ನಾನು ಕೂರದೆ ಮುನ್ನೂರು ತಲೆ ಮುಗಿಸಿ, ಎಂದು ಹೇಳುತ್ತಿದ್ದೆ. ಕೊನೆಗೆ ಮುನ್ನೂರೊಂದನೆಯವನಿಗೆ ಚಹಾ ತರಿಸಿದೆ, ಎಂದು ಮುಗಿಸಿದೆ.

ಮಂಚ ಮಲಗಿತ್ತು. ಫಕೀರೇಶ ನನ್ನ ಕಾಲುಗಳನ್ನು ಎತ್ತಿ ಹಿಡಿದಿದ್ದ. ಡಾಕ್ಟರು ನನ್ನ ಕೆನ್ನೆ ತಟ್ಟುತ್ತಿದ್ದರು. ಮುನ್ನೂರಕ್ಕೂ ಮುನ್ನೂರೊಂದಕ್ಕೂ ನಡುವೆ ನಾನು ಹೋಗಿ ಬಂದಿದ್ದೆನಂತೆ, ಹದಿನೇಳನೆಯ ನಿಮಿಷಕ್ಕೆ. ಗಾಜಿನ ಆಚೆ ನೀಲವ್ವ ಎದ್ದು ನಿಲ್ಲಲು ಹೋಗಿ, ಮತ್ತೆ ಕುರ್ಚಿ ಹಿಡಿದು ಕೂತಿದ್ದಳು.

ಮುಗಿಯಿತು, ಕಂಠಿ ಹೋಯಿತು ಎಂದುಕೊಂಡೆ. ಡಾಕ್ಟರು ಮಾತ್ರ ಮೊದಲ ಹನ್ನೆರಡು ನಿಮಿಷದ ಗೆರೆಗಳ ಮೇಲೆ ಬೆರಳಾಡಿಸುತ್ತ ಕೂತಿದ್ದರು.

“ಈಗ ಇದು ಪಾಠ” ಎಂದರು. “ನಿಮ್ಮ ಮೈ ಒದ್ದಾಡಿದೆ. ನೀಲವ್ವನವರಿಗೆ ಬೇಕಾದದ್ದು ಒದ್ದಾಡಲು ಗೊತ್ತಿರುವ ಮೈ.”

ಅಲ್ಲಿಗೆ ಬಿಡಲಿಲ್ಲ. ಸ್ಪ್ರಿಂಗ್ ಹಿಸುಕಿದ್ದು ಸಾಲದು, ಕಂಠಿ ಯಾವ ಕೆಲಸಕ್ಕೆ ಬೇಕೋ ಅದನ್ನೇ ಮಾಡಿ ತೋರಿಸಬೇಕು ಎಂದರು. ಮರುದಿನದಿಂದ ಪ್ರಯೋಗಾಲಯದ ಬಿಸಿ ಕೋಣೆಯಲ್ಲಿ, ಎದೆಗೆ ತಂತಿ ಹಚ್ಚಿಕೊಂಡು, ಬರಿಗಾಲಲ್ಲಿ ನಿಂತು ನಾನು ರೊಟ್ಟಿ ಬಡಿದೆ. ಜನ್ಮದಲ್ಲಿ ಬಡಿದವನಲ್ಲ. ನೀಲವ್ವ ಪಕ್ಕದಲ್ಲಿ ಕೂತು, ಬೆರಳು ಬೇಡ, ಅಂಗೈ, ಅಂಗೈ ಎಂದು ಹೇಳಿಕೊಡುತ್ತಿದ್ದಳು. ನನ್ನ ಮೊದಲ ರೊಟ್ಟಿಯನ್ನು ನೋಡಿ ಫಕೀರೇಶ ಇದು ಯಾವ ಜಿಲ್ಲೆಯ ನಕಾಶೆ ಎಂದ. ತಲೆ ಹಗುರಾದರೆ ತಟ್ಟನೆ ಕೂರಿಸುತ್ತಿದ್ದರು, ಚೇತರಿಸಿಕೊಂಡರೆ ಎಬ್ಬಿಸುತ್ತಿದ್ದರು. ನಾಲ್ಕು ದಿನ. ನನ್ನ ಮೈ ಬಿದ್ದು ಎದ್ದ ಪ್ರತಿ ಸಲವೂ ಕಂಠಿಯ ಪಾಠದಲ್ಲಿ ಸೇರಿತು. ನಾನು ಬಡಿದ ರೊಟ್ಟಿಗಳನ್ನು ಪ್ರಯೋಗಾಲಯದವರೇ ತಿಂದರು. ಅವರ ಧೈರ್ಯವನ್ನು ಯಾರೂ ಎಲ್ಲೂ ದಾಖಲಿಸಿಲ್ಲ.

ಇದಾಗಿ ಏಳು ತಿಂಗಳು. ಬೊಬ್ಬೆಯ ಕಲೆ ಉಳಿದಿದೆ, ಕಂಠಿಯೂ ಉಳಿದಿದೆ.

ಮೊನ್ನೆ ಅಂಗಡಿಯಲ್ಲಿ ಹೊಸ ಗಿರಾಕಿಯೊಬ್ಬರು ಕೂತಿದ್ದರು, ಬೆಂಚಿನ ಮೇಲೆ ಇನ್ನೂ ನಾಲ್ವರು. ನಾನು ಅವರ ಮುಖಕ್ಕೆ ನೊರೆ ಹಚ್ಚಿ, ಹದಿನೇಳು ದೇಶ, ನಲವತ್ತು ಲಕ್ಷ ಜನ, ಸೀನು, ಜಪಾನು, ಎಲ್ಲ ಹೇಳಿ, ಫಕೀರೇಶ ಕೈ ಮುಗಿದಲ್ಲಿಗೆ ತಂದು, ಹಗ್ಗದ ಮೇಲಿನ ಬಟ್ಟೆಗಳ ಮಾತನ್ನು ಹಾರಿಸಿ, ನೇರವಾಗಿ ಡಾಕ್ಟರು ನನ್ನ ಕೈ ಹಿಡಿದು ಅಭಿನಂದಿಸಿದಲ್ಲಿಗೆ ಬಂದಿದ್ದೆ. ಬೆಂಚಿನವರು ನನ್ನನ್ನು ನೋಡದೆ ಬಾಗಿಲ ಕಡೆ ನೋಡುತ್ತಿದ್ದರು. ತಿರುಗಿದೆ. ನೀಲವ್ವ ನಿಂತಿದ್ದಳು, ಕೈಯಲ್ಲಿ ನನ್ನ ಬುತ್ತಿ. ಮೂರು ವರ್ಷ ಮೀರಿದ ಮೇಲೆ ಮೊದಲ ಸಲ ಮನೆಯಿಂದ ಅಂಗಡಿಗೆ ಒಬ್ಬಳೇ ನಡೆದು ಬಂದಿದ್ದಳು, ಬಿಸಿಲಲ್ಲಿ.

“ಎಷ್ಟೊತ್ತಾತು ಬಂದು?” ಎಂದೆ.

“ಜಪಾನದವರು ಗ್ವಾಡಿ ಹಿಡಿದಾಗಿಂದ ನಿಂತೇನಿ.”

ಗೋಡೆಯ ಗಡಿಯಾರ ನೋಡಿದೆ. ಇಪ್ಪತ್ತೈದು ನಿಮಿಷ. ಅವಳು ಬಾಗಿಲ ಚೌಕಟ್ಟಿಗೆ ಒರಗಿಯೂ ಇರಲಿಲ್ಲ.

“ನಲವತ್ತು ಲಕ್ಷ ಮಂದಿ ಯಾರ್ರಿ?” ಎಂದಳು. “ನಾನೊಬ್ಬಾಕಿ ಅದೇನಿ. ಖರೇ ಹೇಳ್ರಿ ಅವರಿಗೆ.”

ಗಿರಾಕಿ ಅರ್ಧ ನೊರೆಯಲ್ಲಿ ಕನ್ನಡಿಯೊಳಗಿಂದ ನನ್ನನ್ನೇ ನೋಡುತ್ತಿದ್ದರು. ನಾನು ಕತ್ತಿಯನ್ನು ಕೆಳಗಿಟ್ಟು ಹೇಳಿದೆ. ಹದಿನೇಳು ದೇಶವಿಲ್ಲ, ಒಂದೇ ಓಣಿ. ನಲವತ್ತು ಲಕ್ಷವಿಲ್ಲ, ಒಬ್ಬಳು. ಅವಳೂ ನಾನು ಗಟ್ಟಿಯಾಗಿ ನಿಂತದ್ದರ ಮೇಲೆ ನಿಂತಿಲ್ಲ, ಚಡ್ಡಿಯಲ್ಲಿ ಬೆವರಿ ಬಿದ್ದದ್ದರ ಮೇಲೆ ನಿಂತಿದ್ದಾಳೆ. ಪಟ್ಟಿ, ಸೊಂಟಪಟ್ಟಿ, ಹರಕೆ, ಹೀರೆಬಳ್ಳಿ, ಎಲ್ಲ ಹೇಳಿದೆ. ಅವಳ ಸಲುವಾಗಿ, ಎಂಟು ತಿಂಗಳು ಕಾಯಬಾರದೆಂದು ಮುಚ್ಚಿಟ್ಟೆ ಎಂದೂ ಹೇಳಿದೆ. ಬೆಂಚಿನ ಮೇಲಿದ್ದ ಹಿರಿಯರೊಬ್ಬರು ಮರುಗಿ ತಲೆ ಆಡಿಸಿದರು.

ನೀಲವ್ವ ಬುತ್ತಿಯನ್ನು ಕೆಳಗಿಡಲಿಲ್ಲ. ಹೋಗಲೂ ಇಲ್ಲ. ಇನ್ನೂ ನಿಂತೇ ಇದ್ದಳು.

“ಅದೂ ಅಲ್ಲ” ಎಂದೆ. ಇದನ್ನು ನಾನು ಡಾಕ್ಟರಿಗೂ ಹೇಳಿರಲಿಲ್ಲ. “ನನ್ನ ಕಾಲು ಚಂದಿಲ್ಲ. ಆ ಹುಡುಗನ ಮುಂದ ಪಾಯಿಜಾಮ ಏರಸಾಕ ನಾಚಿಕಿ ಬಂತು. ಅಷ್ಟ.”

ನೀಲವ್ವ ಒಳಗೆ ಬಂದು, ಬುತ್ತಿಯನ್ನು ಕನ್ನಡಿಯ ಕೆಳಗಿನ ಹಲಗೆಯ ಮೇಲಿಟ್ಟು, ಗೋಡೆಯ ಪಕ್ಕದ ಸ್ಟೂಲನ್ನು ಕಾಲಿನಿಂದ ನನ್ನ ಹಿಂದಕ್ಕೆ ಸರಿಸಿದಳು. ಕೂತು ಉಣ್ಣಿರಿ ಎಂದಳು. ಗಿರಾಕಿಯ ಅನುಮತಿ ಕೇಳಿ ನಾನು ಕೂತೆ. ಬುತ್ತಿಯಲ್ಲಿ ಎರಡು ರೊಟ್ಟಿ ಇದ್ದವು. ನಾನು ಉಣ್ಣುವ ತನಕ ಅವಳು ನಿಂತಿದ್ದಳು.